ಟಿಕೆಟ್‌ನಲ್ಲಿ ನೂರು ನಿಮಿಷ, ಕೈಯಲ್ಲಿ ಮೂವತ್ತೈದು

ಮಗಳ ಬಾಣಂತನಕ್ಕೆಂದು ಡಾಲಸ್‌ಗೆ ಹೊರಟಿರುವ ತಾಯಿಯ ಫೋನಿಗೆ ಅಳಿಯ ಟಿಕೆಟ್ ಕಳಿಸುತ್ತಾನೆ. ಮನೆಯವರೆಲ್ಲ ಬಗ್ಗಿ ನೋಡುತ್ತಾರೆ. ತಾರೀಖು ಸರಿ ಇದೆಯೇ, ಹೆಸರಿನ ಸ್ಪೆಲಿಂಗ್ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇದೆಯೇ, ಊಟ ಸಸ್ಯಾಹಾರವೇ, ಎರಡು ಸೂಟ್‌ಕೇಸಿಗೆ ಎಷ್ಟು ಕಿಲೋ, ಎಲ್ಲ ವಿಚಾರಣೆ ಆಗುತ್ತದೆ. ಎರಡು ವಿಮಾನಗಳ ನಡುವೆ ಸಣ್ಣ ಅಕ್ಷರದಲ್ಲಿ ‘ದುಬೈ, 1 ಗಂ. 40 ನಿ.’ ಎಂದಿರುವ ಸಾಲಿನ ಮೇಲೆ ಮಾತ್ರ ಯಾರ ಕಣ್ಣೂ ನಿಲ್ಲುವುದಿಲ್ಲ. ಪ್ರಯಾಣ ಸಲೀಸಾಗುವುದೋ ಎಡವುವುದೋ ಹೆಚ್ಚಾಗಿ ನಿರ್ಧಾರವಾಗುವುದು ಆ ಸಾಲಿನಲ್ಲೇ.

ನಾನೂ ಒಮ್ಮೆ ಅದನ್ನು ನೋಡದೆ ಹಣ ಕಟ್ಟಿದವನೇ. ಯುರೋಪಿನ ಒಂದು ದೊಡ್ಡ ನಿಲ್ದಾಣದಲ್ಲಿ ಒಂದು ಗಂಟೆ ಹತ್ತು ನಿಮಿಷದ ಬಿಡುವು. ನಮ್ಮ ವಿಮಾನ ಅರ್ಧ ಗಂಟೆ ತಡವಾಗಿ ಇಳಿಯಿತು. ಓಡಿ ಗೇಟಿಗೆ ಬಂದಾಗ ಗಾಜಿನಾಚೆ ವಿಮಾನ ನಿಂತೇ ಇತ್ತು, ಏರೋಬ್ರಿಜ್‌ನ ಬಾಗಿಲು ಮುಚ್ಚಿತ್ತು. ಕೌಂಟರಿನ ಹುಡುಗಿ ಬಾಗಿಲು ತೆಗೆಯಲಿಲ್ಲ, ತೆಗೆಯುವ ಅಧಿಕಾರ ಅವಳಿಗೆ ಇರಲೂ ಇಲ್ಲ. ಹದಿನೈದು ನಿಮಿಷ ಆ ವಿಮಾನ ಅಲ್ಲೇ ನಿಂತಿದ್ದನ್ನು ನೋಡುತ್ತ ಕೂತೆ. ಮುಂದಿನದು ಮರುದಿನ ಮಧ್ಯಾಹ್ನ.

ಕಂಪನಿಯೇ ಮಾರಿದ ಮೇಲೆ ಸಾಕಾಗಬೇಕಲ್ಲವೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಪ್ರತಿ ವಿಮಾನ ನಿಲ್ದಾಣಕ್ಕೂ ‘ಕನಿಷ್ಠ ಸಂಪರ್ಕ ಸಮಯ’ ಎಂಬ ಒಂದು ಲೆಕ್ಕವಿದೆ. ಯಾವ ಟರ್ಮಿನಲ್‌ನಿಂದ ಯಾವುದಕ್ಕೆ, ದೇಶದೊಳಗಿನ ವಿಮಾನದಿಂದ ವಿದೇಶಕ್ಕೋ, ವಿದೇಶದಿಂದ ವಿದೇಶಕ್ಕೋ ಎಂಬುದರ ಮೇಲೆ ಅದು ಬದಲಾಗುತ್ತದೆ. ಅದಕ್ಕಿಂತ ಕಡಿಮೆ ಬಿಡುವಿನ ಟಿಕೆಟನ್ನು ಬುಕಿಂಗ್ ಕಂಪ್ಯೂಟರ್ ಒಂದೇ ಟಿಕೆಟ್ಟಾಗಿ ಮಾರುವುದಿಲ್ಲ. ಫ್ರಾಂಕ್‌ಫರ್ಟ್‌ನಂಥ ದೊಡ್ಡ ನಿಲ್ದಾಣದಲ್ಲೂ ಈ ಕನಿಷ್ಠ 45 ನಿಮಿಷದಷ್ಟು ಕಡಿಮೆ ಇರುತ್ತದೆ.

ಆದರೆ ಅದು ಪರೀಕ್ಷೆಯ ಪಾಸ್ ಮಾರ್ಕ್ಸ್ ಇದ್ದ ಹಾಗೆ. ವಿಮಾನ ಹೊತ್ತಿಗೆ ಸರಿಯಾಗಿ ಬಂದು, ಸರತಿ ಚಿಕ್ಕದಿದ್ದು, ದಾರಿ ಗೊತ್ತಿದ್ದು, ಕಾಲು ಗಟ್ಟಿ ಇದ್ದವರಿಗೆ ಸಾಲುವ ಸಮಯ. ಮಂಡಿ ನೋವಿನವರು, ಕೈಗೂಸಿನವರು, ಮೊದಲ ಸಲ ಹೊರಟವರು ಆ ಲೆಕ್ಕದಲ್ಲಿ ಇಲ್ಲ. ವಿಮಾನ ತಪ್ಪಿದರೆ ಕಂಪನಿ ನಿಮ್ಮನ್ನು ಮುಂದಿನದರಲ್ಲಿ ಹತ್ತಿಸಿ ಕೈತೊಳೆದುಕೊಳ್ಳುತ್ತದೆ. ಅದರ ನಷ್ಟ ಒಂದು ಸೀಟು, ನಿಮ್ಮ ನಷ್ಟ ಒಂದು ದಿನ.

ಹಿಂದಿನಿಂದ ಎಣಿಸಿ

ಅಳಿಯ ಕಳಿಸಿದ ಆ 100 ನಿಮಿಷವನ್ನೇ ತೆಗೆದುಕೊಳ್ಳೋಣ.

ಟಿಕೆಟ್‌ನಲ್ಲಿ ‘ಹೊರಡುವ ಸಮಯ’ ಎಂದಿರುವುದು ವಿಮಾನ ಗೇಟಿನಿಂದ ಹಿಂದೆ ಸರಿಯುವ ಸಮಯ, ನೀವು ಹತ್ತುವ ಸಮಯವಲ್ಲ. ವಿದೇಶಿ ವಿಮಾನಗಳ ಗೇಟ್ ಸಾಮಾನ್ಯವಾಗಿ 15ರಿಂದ 20 ನಿಮಿಷ ಮೊದಲೇ ಮುಚ್ಚುತ್ತದೆ. ಇಪ್ಪತ್ತು ಕಳೆಯಿರಿ, ಉಳಿದದ್ದು 80.

‘ತಲುಪುವ ಸಮಯ’ ಎಂದರೆ ವಿಮಾನ ಬಂದು ನಿಲ್ಲುವ ಹೊತ್ತು. ನೀವು ಹೊರಗೆ ಕಾಲಿಡುವುದು ಆಮೇಲೆ. ಬೆಂಗಳೂರು–ದುಬೈ ನಡುವೆ 2022ರ ಅಕ್ಟೋಬರ್‌ನಿಂದ ಎಮಿರೇಟ್ಸ್‌ನ ಎರಡಂತಸ್ತಿನ ಎ380 ಓಡಾಡುತ್ತಿದೆ. ಅಂಥ ವಿಮಾನದಲ್ಲಿ ಹಿಂದಿನ ಸಾಲಿನಲ್ಲಿ ಕೂತವರು ಮೇಲಿನ ಪೆಟ್ಟಿಗೆಯಿಂದ ಚೀಲ ಇಳಿಸಿಕೊಂಡು ಬಾಗಿಲು ದಾಟಲು 25 ನಿಮಿಷವಾದರೂ ಆಶ್ಚರ್ಯವಿಲ್ಲ. ಏರೋಬ್ರಿಜ್‌ಗೆ ತರದೆ ದೂರದಲ್ಲಿ ನಿಲ್ಲಿಸಿ ಬಸ್ಸಿನಲ್ಲಿ ಕರೆತಂದರೆ ಇನ್ನೂ ಹೆಚ್ಚು. ಉಳಿದದ್ದು 55.

ಇಪ್ಪತ್ತು ನಿಮಿಷದ ವಿಳಂಬ ದಿನನಿತ್ಯದ್ದು. ಅದನ್ನೂ ಕಳೆದರೆ ಕೈಯಲ್ಲಿರುವುದು 35 ನಿಮಿಷ. ಇದರೊಳಗೆ ಮತ್ತೊಮ್ಮೆ ಭದ್ರತಾ ತಪಾಸಣೆ, ಬೆಲ್ಟು ಬಿಚ್ಚಿ ಕಟ್ಟುವುದು, ಪರದೆಯ ಮೇಲೆ ಗೇಟ್ ಸಂಖ್ಯೆ ಹುಡುಕುವುದು. ದುಬೈನ ಮೂರನೇ ಟರ್ಮಿನಲ್‌ನಲ್ಲಿ ಎ, ಬಿ, ಸಿ ಎಂದು ಮೂರು ಉದ್ದನೆಯ ಕಟ್ಟಡಗಳಿವೆ. ಬಿ ಮತ್ತು ಸಿ ನಡುವೆ ನಡೆದು ಹೋಗಬಹುದು, ಎ ಗೇಟುಗಳಿಗೆ ಒಳಗಿನ ರೈಲು ಹಿಡಿಯಬೇಕು. ಗಟ್ಟಿಗರು ಓಡಿ ಮುಟ್ಟಿಯಾರು. ಅರವತ್ತೆಂಟರ ತಾಯಿಗೆ ಇದು ಆಗುವ ಕೆಲಸವಲ್ಲ, ಶೌಚಾಲಯಕ್ಕೆ ಹೋಗಿ ಬರಲೂ ಸಮಯವಿಲ್ಲ.

ನಿಮ್ಮ ಟಿಕೆಟ್‌ಗೂ ಒಂದು ಕಾಗದದ ಮೇಲೆ ಇದೇ ಕಳೆಯುವ ಲೆಕ್ಕ ಮಾಡಿ. ಕೊನೆಗೆ ಒಂದು ಗಂಟೆಯಾದರೂ ಉಳಿಯದಿದ್ದರೆ ಆ ಟಿಕೆಟ್ ಬೇಡ.

ಒಂದೇ ಟಿಕೆಟ್ಟೋ, ಎರಡೋ?

ನಿಮಿಷಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ನಿಜವಾಗಿ ಇದು. ಎರಡೂ ವಿಮಾನಗಳು ಒಂದೇ ಪಿಎನ್‌ಆರ್ ಅಡಿಯಲ್ಲಿ ಒಂದೇ ಟಿಕೆಟ್ಟಾಗಿದ್ದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಿಮ್ಮನ್ನು ಊರು ಮುಟ್ಟಿಸುವ ಹೊಣೆ ಕಂಪನಿಯದು. ಬೇರೆ ಬೇರೆ ಟಿಕೆಟ್ ಆಗಿದ್ದರೆ ಎರಡನೇ ಕಂಪನಿಯ ಕಣ್ಣಿಗೆ ನೀವು ಬರಲೇ ಇಲ್ಲದ ಪ್ರಯಾಣಿಕ. ಹಣ ಹೋಯಿತು, ಅವತ್ತಿನ ದರಕ್ಕೆ ಹೊಸ ಟಿಕೆಟ್ ಕೊಳ್ಳಬೇಕು.

ಲಗೇಜಿನ ಕಥೆಯೂ ಹಾಗೆಯೇ. ಒಂದೇ ಟಿಕೆಟ್ಟಾದರೆ ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಕೊಟ್ಟ ಸೂಟ್‌ಕೇಸ್ ಕೊನೆಯ ಊರಿನ ಹೆಸರಿನಲ್ಲೇ ಹೋಗುತ್ತದೆ. ಬೇರೆ ಬೇರೆಯಾದರೆ ನಡುವೆ ಇಳಿಸಿಕೊಂಡು, ಆ ದೇಶದ ಇಮಿಗ್ರೇಷನ್ ದಾಟಿ ಹೊರಬಂದು, ಮತ್ತೆ ಚೆಕ್‌ಇನ್ ಸಾಲಿನಲ್ಲಿ ನಿಲ್ಲಬೇಕು. ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಚೆಕ್‌ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಈಗ ಒಂದು ಹೊಸ ಮೋಸದಂಥದು ಶುರುವಾಗಿದೆ. ಮೋಸ ಎನ್ನಲಾಗದು, ಸಣ್ಣಕ್ಷರದಲ್ಲಿ ಬರೆದೇ ಇರುತ್ತಾರೆ. ಕೆಲವು ಬುಕಿಂಗ್ ತಾಣಗಳು ಸಂಬಂಧವೇ ಇಲ್ಲದ ಎರಡು ಕಂಪನಿಗಳ ಟಿಕೆಟ್‌ಗಳನ್ನು ಜೋಡಿಸಿ ಒಂದೇ ಬಿಲ್ಲಿನಲ್ಲಿ ಅಗ್ಗಕ್ಕೆ ಮಾರುತ್ತವೆ. ಪಕ್ಕದಲ್ಲಿ ‘ಸೆಲ್ಫ್ ಟ್ರಾನ್ಸ್‌ಫರ್’ ಎಂಬ ಎರಡು ಪದ ಇರುತ್ತವೆ. ಹಾಗೆಂದರೆ, ನಡುವಿನದೆಲ್ಲ ನಿಮ್ಮ ತಲೆನೋವು ಎಂದರ್ಥ. ಆ ಪದ ಕಂಡರೆ ದರ ಎಷ್ಟೇ ಕಡಿಮೆ ಇರಲಿ, ಹಿರಿಯರಿಗೆ ಆ ಟಿಕೆಟ್ ತೆಗೆಯಬೇಡಿ.

ಎಲ್ಲಿ ಎಷ್ಟು ಹೊತ್ತು?

ಕೆಳಗಿನವು ಯಾವ ನಿಯಮ ಪುಸ್ತಕದ ಅಂಕಿಗಳೂ ಅಲ್ಲ, ನನ್ನ ಅಂದಾಜು. ಅನುಭವಸ್ಥರು ಇದಕ್ಕಿಂತ ಕಡಿಮೆಯಲ್ಲಿ ದಾಟುತ್ತಾರೆ, ದಾಟಲಿ.

1. ಕೊಲ್ಲಿಯ ನಿಲ್ದಾಣಗಳು, ಒಂದೇ ಕಂಪನಿ, ಒಂದೇ ಟಿಕೆಟ್: ಎರಡೂವರೆಯಿಂದ ಮೂರೂವರೆ ಗಂಟೆ. ದೋಹಾದ ಹಮದ್ ನಿಲ್ದಾಣ ದೊಡ್ಡದಾದರೂ ಎಲ್ಲ ಒಂದೇ ಟರ್ಮಿನಲ್‌ನಲ್ಲಿದೆ. ನಡುವೆ ಕೂತಿರುವ ದೈತ್ಯ ಹಳದಿ ಕರಡಿ ಬೊಂಬೆಯನ್ನು ಗುರುತಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ದುಬೈನಲ್ಲಿ ಮಾತ್ರ ಟರ್ಮಿನಲ್ ಗಮನಿಸಿ. ಎಮಿರೇಟ್ಸ್ ಮೂರನೆಯದರಲ್ಲಿ, ಎರಡನೇ ಟರ್ಮಿನಲ್ ರನ್‌ವೇಯ ಆಚೆ ಬದಿಗಿದೆ. ಒಂದರಿಂದ ಇನ್ನೊಂದಕ್ಕೆ ಬಸ್ಸು. ಅಂಥ ಟಿಕೆಟ್ಟಾದರೆ ಇನ್ನೊಂದು ಗಂಟೆ ಸೇರಿಸಿ.

2. ಅಬುಧಾಬಿ ಮೂಲಕ ಅಮೆರಿಕಕ್ಕೆ: ಇಲ್ಲಿನ ವಿಶೇಷವೆಂದರೆ ಅಮೆರಿಕದ ಇಮಿಗ್ರೇಷನ್ ಮತ್ತು ಕಸ್ಟಮ್ಸ್ ಅಬುಧಾಬಿಯಲ್ಲೇ ಮುಗಿಯುತ್ತದೆ. 2014ರಿಂದ ಅಮೆರಿಕದ ಅಧಿಕಾರಿಗಳೇ ಅಲ್ಲಿ ಕೂತಿದ್ದಾರೆ. ನ್ಯೂಯಾರ್ಕಿನಲ್ಲಿ ಇಳಿದಾಗ ನೀವು ಅಲ್ಲಿನ ದೇಶೀಯ ಪ್ರಯಾಣಿಕರಂತೆ ನೇರ ಹೊರಬರಬಹುದು. ಆದರೆ ಆ ಸರತಿ ಅಬುಧಾಬಿಯಲ್ಲಿ ನಿಮ್ಮ ಬಿಡುವನ್ನು ತಿನ್ನುತ್ತದೆ, ಆದ್ದರಿಂದ ಮೂರು ಗಂಟೆಗೆ ಕಡಿಮೆ ಬೇಡ. ಡ್ಯೂಟಿ ಫ್ರೀ ಅಂಗಡಿ ನೋಡುತ್ತ ನಿಲ್ಲದೆ ಮೊದಲು ಆ ಸಾಲಿಗೆ ಹೋಗಿ.

3. ಲಂಡನ್ ಹೀಥ್ರೂ: ಈಗ ನಡೆಯುತ್ತಿರುವ ಟರ್ಮಿನಲ್‌ಗಳು ಎರಡು, ಮೂರು, ನಾಲ್ಕು ಮತ್ತು ಐದು. ಒಂದನೆಯದು 2015ರಲ್ಲೇ ಮುಚ್ಚಿತು. ವಿಮಾನ ಬದಲಿಸುವವರಿಗೂ ಮತ್ತೆ ಭದ್ರತಾ ತಪಾಸಣೆ ಇದೆ. ಟರ್ಮಿನಲ್ ಬದಲಾದರೆ ಒಳಗಿನ ಬಸ್ಸು ಹಿಡಿಯಬೇಕು. ಒಂದೇ ಟರ್ಮಿನಲ್ ಆದರೆ ಎರಡೂವರೆ ಗಂಟೆ, ಬೇರೆಯಾದರೆ ಮೂರೂವರೆ.

4. ಯುರೋಪಿನೊಳಗೆ ಮುಂದುವರಿಯುವವರು: ಬೆಂಗಳೂರು–ಪ್ಯಾರಿಸ್–ರೋಮ್ ಎಂದಿಟ್ಟುಕೊಳ್ಳಿ. ಷೆಂಗೆನ್ ದೇಶಗಳ ಒಳಗೆ ಗಡಿಯಿಲ್ಲದ ಕಾರಣ ಇಮಿಗ್ರೇಷನ್ ಆಗುವುದು ಮೊದಲು ಇಳಿದ ಪ್ಯಾರಿಸ್‌ನಲ್ಲಿ, ರೋಮ್‌ನಲ್ಲಲ್ಲ. ಬಹಳ ಜನ ಇದನ್ನು ತಲೆಕೆಳಗಾಗಿ ತಿಳಿದಿರುತ್ತಾರೆ. 2025ರ ಅಕ್ಟೋಬರ್ 12ರಿಂದ ಅಲ್ಲಿ ಹೊಸ ಪ್ರವೇಶ–ನಿರ್ಗಮನ ವ್ಯವಸ್ಥೆ ಶುರುವಾಗಿದ್ದು, ಹೊರದೇಶದ ಪ್ರವಾಸಿಗರ ಬೆರಳಚ್ಚು, ಮುಖದ ಚಿತ್ರ ದಾಖಲಿಸುತ್ತಾರೆ. ಮೊದಲ ಸಲ ಹೋಗುವವರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಮೂರು ಗಂಟೆ ಇಟ್ಟುಕೊಳ್ಳಿ.

5. ಅಮೆರಿಕದೊಳಗೆ ಇನ್ನೊಂದು ವಿಮಾನ ಇದ್ದರೆ: ಮೊದಲು ಇಳಿದ ಊರಿನಲ್ಲೇ ಇಮಿಗ್ರೇಷನ್. ಅದಾದ ಮೇಲೆ ಸೂಟ್‌ಕೇಸ್ ನೀವೇ ಬೆಲ್ಟಿನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮುಂದಿನ ವಿಮಾನದ ಬೆಲ್ಟಿಗೆ ಕೊಟ್ಟು, ಮತ್ತೆ ಭದ್ರತಾ ತಪಾಸಣೆಗೆ ಹೋಗಬೇಕು. ಲಗೇಜಿನ ಚೀಟಿಯಲ್ಲಿ ಕೊನೆಯ ಊರಿನ ಹೆಸರಿದ್ದರೂ, ಅಬುಧಾಬಿಯಲ್ಲೇ ಮುಗಿಸಿ ಬಂದವರನ್ನು ಬಿಟ್ಟರೆ, ಸಾಮಾನ್ಯವಾಗಿ ಇದು ತಪ್ಪದು. ‘ನೇರ ಹೋಗುತ್ತೆ ಅಂದಿದ್ರು’ ಎಂದುಕೊಂಡು ಚೀಲ ಎತ್ತದೆ ಮುಂದೆ ಹೋದವರ ಸೂಟ್‌ಕೇಸ್ ಆ ಬೆಲ್ಟಿನ ಮೇಲೆ ಸುತ್ತುತ್ತಲೇ ಇರುತ್ತದೆ. ಏನಿದ್ದರೂ ಮೂರು ಗಂಟೆ, ಹಿರಿಯರಿಗೆ ನಾಲ್ಕು.

6. ವಾಪಸು ಬರುವಾಗ ದೆಹಲಿ ಅಥವಾ ಮುಂಬೈ ಮೂಲಕ: ಇಲ್ಲಿಯೂ ಅಮೆರಿಕದ ಕ್ರಮವೇ ಎಂದು ತಿಳಿದು ಹೊರಡಿ. ಭಾರತದಲ್ಲಿ ಮೊದಲು ಇಳಿದಲ್ಲೇ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್, ಮತ್ತೆ ಲಗೇಜ್ ಕೊಡುವುದು. ದೆಹಲಿಯಲ್ಲಿ ವಿದೇಶಿ ವಿಮಾನ ಮೂರನೇ ಟರ್ಮಿನಲ್‌ಗೆ ಬರುತ್ತದೆ. ಬೆಂಗಳೂರಿನ ವಿಮಾನ ಒಂದನೆಯದರಿಂದ ಇದ್ದರೆ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಹೋಗಬೇಕು. ಡಿಸೆಂಬರ್–ಜನವರಿಯ ಮಂಜಿನಲ್ಲಿ ದೆಹಲಿಯ ಲೆಕ್ಕವೇ ಬೇರೆ, ಆ ತಿಂಗಳುಗಳಲ್ಲಿ ಆ ದಾರಿಯನ್ನೇ ಬಿಡುವುದು ಒಳ್ಳೆಯದು. ಉಳಿದ ಕಾಲದಲ್ಲಿ ನಾಲ್ಕು ಗಂಟೆ. ಮುಂಬೈ ಎಂದಿದ್ದರೆ ಇನ್ನೊಂದು ವಿಷಯ ನೋಡಿಕೊಳ್ಳಿ: 2025ರ ಡಿಸೆಂಬರ್ 25ರಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ಕೆಲಸ ಶುರು ಮಾಡಿದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವ ಟಿಕೆಟ್ ಎಂದರೆ ನಡುವೆ ಮುಂಬೈ ಟ್ರಾಫಿಕ್.

7. ಬೇರೆ ಬೇರೆ ಟಿಕೆಟ್ ತೆಗೆಯಲೇಬೇಕಾಗಿ ಬಂದರೆ: ಆರು ಗಂಟೆಗೆ ಕಡಿಮೆ ಬೇಡ. ದಿನಕ್ಕೆ ಒಂದೇ ವಿಮಾನವಿರುವ ಊರಿಗಾದರೆ ನಡುವೆ ಒಂದು ರಾತ್ರಿ ತಂಗಿ.

ಸರತಿ ಕೊನೆಯ ಊರಿನಲ್ಲಿರಲಿ

ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿದರೆ ಒಂದು ವಿಷಯ ಕಾಣುತ್ತದೆ. ನಡಿಗೆ, ರೈಲು, ಬಸ್ಸು ಎಷ್ಟು ಹೊತ್ತು ತಿನ್ನುತ್ತವೆ ಎಂದು ಅಂದಾಜು ಮಾಡಬಹುದು. ಇಮಿಗ್ರೇಷನ್ ಸಾಲು ಮಾತ್ರ ಯಾರ ಅಂದಾಜಿಗೂ ಸಿಗದು. ಒಂದೇ ಹೊತ್ತಿಗೆ ನಾಲ್ಕು ದೊಡ್ಡ ವಿಮಾನ ಇಳಿದರೆ ಹದಿನೈದು ನಿಮಿಷದ ಸಾಲು ಎರಡು ಗಂಟೆಯಾಗುತ್ತದೆ. ಹಾಗಾಗಿ ಟಿಕೆಟ್ ಆರಿಸುವಾಗ ಆ ಸಾಲು ನಡುವಿನ ಊರಿನಲ್ಲಿ ಬರದೆ ಕೊನೆಯ ಊರಿನಲ್ಲಿ ಬರುವ ದಾರಿಯನ್ನು ಹುಡುಕಿ. ಅಲ್ಲಿ ಎರಡು ಗಂಟೆ ನಿಂತರೂ ಹೊರಗೆ ಕಾಯುತ್ತಿರುವುದು ಮಗಳು, ವಿಮಾನವಲ್ಲ.

ಡಾಲಸ್‌ಗೆ ದುಬೈ ಅಥವಾ ದೋಹಾದಿಂದ ನೇರ ವಿಮಾನವಿದೆ, ಇಮಿಗ್ರೇಷನ್ ಡಾಲಸ್‌ನಲ್ಲೇ. ಅದನ್ನು ಬಿಟ್ಟು ಷಿಕಾಗೊ ಮೂಲಕ ಹೋದರೆ ಷಿಕಾಗೊದಲ್ಲಿ ಆ ಸಾಲು, ಆ ಲಗೇಜು, ಆ ಓಟ. ವಾಪಸು ಬರುವಾಗಲೂ ಹಾಗೆಯೇ. ಫ್ರಾಂಕ್‌ಫರ್ಟ್, ಲಂಡನ್, ಪ್ಯಾರಿಸ್, ಕೊಲ್ಲಿಯ ಊರುಗಳಿಂದ ಬೆಂಗಳೂರಿಗೆ ನೇರ ವಿಮಾನಗಳಿರುವಾಗ ದೆಹಲಿಯಲ್ಲಿ ಇಳಿದು ಹತ್ತುವ ಕಷ್ಟ ಯಾಕೆ? ಎಂಟು ಹತ್ತು ಸಾವಿರ ಉಳಿಯುತ್ತದೆ ಎಂಬುದು ಉತ್ತರವಾದರೆ, ಆ ಹಣಕ್ಕೆ ಏನು ಕೊಡುತ್ತಿದ್ದೀರಿ ಎಂದು ಗೊತ್ತಿರಲಿ.

ಭಾರತದ ಪಾಸ್‌ಪೋರ್ಟ್ ಇರುವವರು ಮತ್ತು ಒಸಿಐ ಕಾರ್ಡುದಾರರು ಕೇಂದ್ರ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆಗೆ ಹೆಸರು ನೋಂದಾಯಿಸಿಕೊಳ್ಳಬಹುದು. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿದೆ. ಶುಲ್ಕವಿಲ್ಲ. ಆನ್‌ಲೈನ್ ಅರ್ಜಿ ಹಾಕಿ ಬೆರಳಚ್ಚು ಕೊಟ್ಟರೆ ಆಮೇಲೆ ಯಂತ್ರದ ಗೇಟಿನಲ್ಲೇ ದಾಟಬಹುದು. ವರ್ಷಕ್ಕೊಮ್ಮೆ ಓಡಾಡುವವರೂ ಮಾಡಿಸಿಟ್ಟುಕೊಳ್ಳಬೇಕಾದದ್ದು.

ಎಚ್ಚರಿಕೆ: ನಡುವಿನ ದೇಶದ ವೀಸಾ

‘ನಾವು ಇಳಿಯುವುದೇ ಇಲ್ಲವಲ್ಲ, ವಿಮಾನ ಬದಲಿಸುತ್ತೇವೆ ಅಷ್ಟೇ’ ಎನ್ನುವ ವಾದ ಎಲ್ಲ ಕಡೆ ನಡೆಯುವುದಿಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸಿ ಬೇರೆ ದೇಶಕ್ಕೆ ಹೋಗುವವರಿಗೂ ಅಮೆರಿಕದ ವೀಸಾ ಬೇಕು. ಹೀಥ್ರೂದಲ್ಲಿ ಗಡಿ ದಾಟದೆ ವಿಮಾನ ಬದಲಿಸುವ ಭಾರತೀಯರಿಗೂ ಟ್ರಾನ್ಸಿಟ್ ವೀಸಾ ಇದೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳ ಚಾಲ್ತಿ ವೀಸಾ ಇದ್ದವರಿಗೆ ವಿನಾಯಿತಿ ಸಿಗುತ್ತದೆ, ಷರತ್ತುಗಳಿವೆ. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಕಳೆದ ವರ್ಷ ಹೋಗಿ ಬಂದ ಪಕ್ಕದ ಮನೆಯವರ ಮಾತು ಕೇಳದೆ ಆಯಾ ದೇಶದ ಸರ್ಕಾರಿ ತಾಣವನ್ನೇ ನೋಡಿ. ಕಾಗದ ಸರಿಯಿಲ್ಲದಿದ್ದರೆ ಬೆಂಗಳೂರಿನ ಕೌಂಟರಿನಲ್ಲೇ ನಿಮ್ಮನ್ನು ನಿಲ್ಲಿಸುತ್ತಾರೆ.

ನಾವು ಮಾಡುವ ತಪ್ಪುಗಳು

ತಾರೀಖಿನ ತಪ್ಪು. ಬೆಂಗಳೂರಿನಿಂದ ಹೊರಡುವ ಎಷ್ಟೋ ವಿದೇಶಿ ವಿಮಾನಗಳು ನಡುರಾತ್ರಿ ದಾಟಿದ ಮೇಲಿನವು. ಟಿಕೆಟ್‌ನಲ್ಲಿ 15ನೇ ತಾರೀಖು 02:30 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ಸಂಜೆ. 15ರ ರಾತ್ರಿ ಮಾಲೆ ಹಾಕಿಸಿಕೊಂಡು ದೇವನಹಳ್ಳಿಗೆ ಬಂದು ಅತ್ತವರಿದ್ದಾರೆ.

ಊರಿನ ದಾರಿಯನ್ನು ಲೆಕ್ಕಕ್ಕೆ ಹಿಡಿಯದಿರುವುದು. ಮಂಗಳೂರಿನಿಂದ ಬಸ್ಸಿನಲ್ಲಿ ಬಂದು ಬೆಂಗಳೂರಿನಲ್ಲಿ ವಿಮಾನ ಹಿಡಿಯುವವರ ಮೊದಲ ಕನೆಕ್ಷನ್ ದುಬೈ ಅಲ್ಲ, ಶಿರಾಡಿ ಘಾಟಿ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜರಿದು ದಾರಿ ಮುಚ್ಚಿದರೆ ಯಾವ ವಿಮಾನ ಕಂಪನಿಯೂ ಕಾಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಂದಿನ ದಿನವೇ ಬಂದು ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯಿರಿ. ಮೈಸೂರಿನವರಿಗೆ ಫ್ಲೈಬಸ್ ಇದೆ. ಹೊತ್ತಿಗೆ ಮುಟ್ಟಿಸುವ ಕೊನೆಯ ಬಸ್ಸಿಗೆ ಬದಲು ಅದಕ್ಕಿಂತ ಹಿಂದಿನದನ್ನು ಹಿಡಿಯಿರಿ. ಹುಬ್ಬಳ್ಳಿಯಿಂದ ಬೇರೆ ಟಿಕೆಟ್‌ನಲ್ಲಿ ವಿಮಾನದಲ್ಲೇ ಬರುವವರು ಗಮನಿಸಬೇಕಾದದ್ದು: ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್ 12ರಿಂದ ವಿದೇಶಿ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋಗಿವೆ. ನೀವು ಒಂದನೆಯದರಲ್ಲಿ ಇಳಿದರೆ ಲಗೇಜ್ ಎತ್ತಿಕೊಂಡು ಶಟಲ್ ಬಸ್ಸಿನಲ್ಲಿ ಅಲ್ಲಿಗೆ ಬರಬೇಕು.

ಇದರ ತದ್ವಿರುದ್ಧದ ತಪ್ಪು ಇನ್ನೂ ದುಬಾರಿ. ಹುಬ್ಬಳ್ಳಿ–ಬೆಂಗಳೂರು–ಫ್ರಾಂಕ್‌ಫರ್ಟ್ ಎಂದು ಒಂದೇ ಟಿಕೆಟ್ ಇರುತ್ತದೆ. ಹೇಗೂ ಬೆಂಗಳೂರಿನಲ್ಲಿ ಮದುವೆಯಿದೆ, ಮೊದಲ ವಿಮಾನ ಬಿಟ್ಟು ಬೆಂಗಳೂರಿನಲ್ಲೇ ಹತ್ತೋಣ ಎಂದುಕೊಳ್ಳುತ್ತಾರೆ. ಮೊದಲ ತುಂಡಿಗೆ ನೀವು ಬರದಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ ಉಳಿದದ್ದನ್ನೆಲ್ಲ ರದ್ದು ಮಾಡುತ್ತದೆ, ವಾಪಸು ಬರುವ ಟಿಕೆಟ್ ಸಮೇತ. ಮೊದಲೇ ಕಂಪನಿಗೆ ಹೇಳಿ ಬದಲಿಸಿಕೊಳ್ಳಬೇಕು.

ಕೂಗುತ್ತಾರೆಂದು ಕಾಯುವುದು. ನಮಗೆ ರೈಲು ನಿಲ್ದಾಣದ ಅಭ್ಯಾಸ, ಘೋಷಣೆ ಕೇಳಿಸುತ್ತದೆ ಎಂದು ಕೂತಿರುತ್ತೇವೆ. ದೆಹಲಿ, ಮುಂಬೈ ಸೇರಿದಂತೆ ಎಷ್ಟೋ ನಿಲ್ದಾಣಗಳು ಈಗ ಮೌನ ನಿಲ್ದಾಣಗಳು. ಪರದೆ ನೋಡಬೇಕು, ಅದೂ ಹತ್ತು ನಿಮಿಷಕ್ಕೊಮ್ಮೆ. ಗೇಟ್ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ. ಇಳಿದ ತಕ್ಷಣ ಮೊದಲು ಗೇಟಿನ ಹತ್ತಿರ ಹೋಗಿ ಅದನ್ನು ಕಣ್ಣಾರೆ ನೋಡಿ, ಕಾಫಿ ಆಮೇಲೆ.

ತಿಂಗಳುಗಳ ಹಿಂದೆ ತೆಗೆದ ಟಿಕೆಟನ್ನು ಮತ್ತೆ ನೋಡದಿರುವುದು. ವಿಮಾನಗಳ ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಬದಲಾಗುತ್ತದೆ. ಯುರೋಪಿನ ಗಡಿಯಾರ ಒಂದು ಗಂಟೆ ಸರಿಯುವುದೂ ಅದೇ ದಿನ. ನಮ್ಮದು, ಕೊಲ್ಲಿಯದು ಸರಿಯುವುದಿಲ್ಲ. ಮೂರು ಗಂಟೆಯಿದ್ದ ಬಿಡುವು ಹೀಗೆ ಸದ್ದಿಲ್ಲದೆ ಒಂದೂಕಾಲು ಗಂಟೆಯಾಗಿರಬಹುದು. ಕಂಪನಿ ತಾನಾಗಿ ಸಮಯ ಬದಲಿಸಿದ್ದರೆ ಫೋನ್ ಮಾಡಿ ಬೇರೆ ವಿಮಾನ ಕೇಳಿ, ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಹೆಚ್ಚುವರಿ ಹಣವಿಲ್ಲದೆ ಕೊಡುತ್ತಾರೆ.

ದಿನದ ಕೊನೆಯ ವಿಮಾನವನ್ನು ಹಿಡಿಯುವುದು. ಬೆಳಗಿನ ವಿಮಾನ ರಾತ್ರಿಯೇ ಬಂದು ನಿಂತಿರುತ್ತದೆ, ಹೊತ್ತಿಗೆ ಹೊರಡುತ್ತದೆ. ಅದೇ ವಿಮಾನ ದಿನವಿಡೀ ನಾಲ್ಕೈದು ಊರು ಸುತ್ತಿ, ಅಲ್ಲಲ್ಲಿ ಕಾಲುಕಾಲು ಗಂಟೆ ಸೇರಿಸಿಕೊಳ್ಳುತ್ತ, ರಾತ್ರಿಯ ಹೊತ್ತಿಗೆ ಒಂದೂವರೆ ಗಂಟೆ ಹಿಂದೆ ಬಿದ್ದಿರುತ್ತದೆ. ನಿಮ್ಮ ಎರಡನೇ ವಿಮಾನ ತಪ್ಪಿದರೆ ಅವತ್ತೇ ಇನ್ನೊಂದು ಇದೆಯೇ ಎಂದು ಟಿಕೆಟ್ ತೆಗೆಯುವಾಗಲೇ ನೋಡಿ. ದಿನಕ್ಕೆ ಐದು ವಿಮಾನವಿರುವ ಊರಿಗೆ ಎರಡು ಗಂಟೆಯ ಬಿಡುವೂ ಧೈರ್ಯವಾಗಿ ಸಾಕು. ವಾರಕ್ಕೆ ಮೂರೇ ಇರುವ ಊರಿಗೆ ನಾಲ್ಕು ಗಂಟೆಯೂ ಕಡಿಮೆ.

ಹಾಗೆಂದು ಹದಿನಾಲ್ಕು ಗಂಟೆ ಬಿಡುವಿನ ಟಿಕೆಟ್ ತೆಗೆಯುವುದೂ ತಪ್ಪೇ. ಗಟ್ಟಿ ಕುರ್ಚಿಯ ಮೇಲೆ ರಾತ್ರಿ ಕಳೆದ ಹಿರಿಯರು ಮಗಳ ಮನೆ ಮುಟ್ಟುವ ಹೊತ್ತಿಗೆ ಅವರಿಗೇ ಬಾಣಂತನ ಮಾಡಬೇಕಾಗುತ್ತದೆ.

ವೀಲ್‌ಚೇರ್ ಬಗ್ಗೆ ಒಂದು ಮಾತು

ಮಂಡಿ ನೋವಿಗೆ, ಇಂಗ್ಲಿಷಿನ ಅಳುಕಿಗೆ, ದಾರಿ ತಪ್ಪುವ ಹೆದರಿಕೆಗೆ ನಮ್ಮವರು ಕಂಡುಕೊಂಡ ಮದ್ದು ವೀಲ್‌ಚೇರ್. ಬೇಕಾದವರು ಸಂಕೋಚವಿಲ್ಲದೆ ಕೇಳಿ. ಟಿಕೆಟ್ ತೆಗೆಯುವಾಗಲೇ, ತಪ್ಪಿದರೆ 48 ಗಂಟೆ ಮೊದಲಾದರೂ ಹೇಳಿ. ಆದರೆ ಅದು ಸಮಯ ಉಳಿಸುತ್ತದೆ ಎಂದು ತಿಳಿಯಬೇಡಿ. ವೀಲ್‌ಚೇರ್‌ನವರನ್ನು ವಿಮಾನದಿಂದ ಇಳಿಸುವುದು ಎಲ್ಲರೂ ಇಳಿದ ಮೇಲೆ. ಹೊರಗೆ ಕುರ್ಚಿ ಬರುವವರೆಗೆ ಕಾಯಬೇಕು, ಒಬ್ಬೊಬ್ಬ ಸಹಾಯಕ ಇಬ್ಬಿಬ್ಬರನ್ನು ನೋಡಿಕೊಳ್ಳುವುದೂ ಉಂಟು. ನಾನು ಹೇಳಿದ ಎಲ್ಲ ಅಂಕಿಗಳಿಗೂ ಮುಕ್ಕಾಲು ಗಂಟೆ ಸೇರಿಸಿ.

ಕೈಚೀಲದಲ್ಲಿ ಎರಡು ದಿನದ ಮಾತ್ರೆ, ಒಂದು ಜೊತೆ ಬಟ್ಟೆ, ಮಗಳ ವಿಳಾಸ–ಫೋನ್ ಸಂಖ್ಯೆ ಬರೆದ ಕಾಗದ ಇರಲಿ. ಉಪ್ಪಿನಕಾಯಿ, ತುಪ್ಪ ಸೂಟ್‌ಕೇಸಿಗೆ ಹೋಗಲಿ. ನಡುವಿನ ಊರಿನ ತಪಾಸಣೆಯಲ್ಲಿ ದ್ರವಪದಾರ್ಥಕ್ಕೆ ಮತ್ತೆ ತಡೆ ಬೀಳುತ್ತದೆ. ಅಮೆರಿಕಕ್ಕೆ ಹೋಗುವಾಗ 350 ಮಿಲಿಲೀಟರ್ ಅಳತೆಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಬೇರೆ ತೆಗೆದು ಪರೀಕ್ಷಿಸುತ್ತಾರೆ. ಚಟ್ನಿಪುಡಿ ಏನೆಂದು ವಿವರಿಸುವಷ್ಟು ಹೊತ್ತು ನಿಮ್ಮ ಹತ್ತಿರ ಇರುವುದಿಲ್ಲ.

ತಪ್ಪಿಯೇ ಹೋದರೆ

1. ಮೊದಲನೇ ವಿಮಾನದಲ್ಲೇ ತಡ ಎಂದು ಗೊತ್ತಾದರೆ ಇಳಿಯುವ ಮೊದಲೇ ಗಗನಸಖಿಗೆ ಹೇಳಿ. ಅದೇ ಕಂಪನಿಯ ಬಹಳ ಜನರಿಗೆ ಅದೇ ಕನೆಕ್ಷನ್ ಇದ್ದರೆ ಕೆಳಗೆ ಫಲಕ ಹಿಡಿದು ನಿಂತು ಕರೆದೊಯ್ಯುವುದುಂಟು.

2. ಇಮಿಗ್ರೇಷನ್ ದಾಟಿ ಹೊರಗೆ ಹೋಗಬೇಡಿ. ಒಳಗೇ ಇರುವ ‘ಟ್ರಾನ್ಸ್‌ಫರ್ ಡೆಸ್ಕ್’ ಹುಡುಕಿ. ಭಾಷೆ ಬಾರದಿದ್ದರೂ ಬೋರ್ಡಿಂಗ್ ಪಾಸ್ ತೋರಿಸಿ ‘ಕನೆಕ್ಷನ್ ಮಿಸ್’ ಎಂದರೆ ಸಾಕು, ಅವರಿಗೆ ಇದು ದಿನಾ ಇರುವುದೇ.

3. ಅಲ್ಲಿ ಸಾಲು ಉದ್ದವಿದ್ದರೆ ಸಾಲಿನಲ್ಲಿ ನಿಂತುಕೊಂಡೇ ಊರಿಗೆ ಫೋನ್ ಮಾಡಿ, ಮಗನೋ ಅಳಿಯನೋ ಕಂಪನಿಯ ಸಹಾಯವಾಣಿಗೆ ಮಾತನಾಡಲಿ. ಉಳಿದ ಸೀಟುಗಳು ಮೊದಲು ಕೇಳಿದವರಿಗೆ ಹೋಗುತ್ತವೆ.

4. ಊಟದ ಕೂಪನ್, ರಾತ್ರಿಯಾದರೆ ಹೋಟೆಲ್ ಕೇಳಿ. ಕೇಳದಿದ್ದರೆ ಕೊಡದಿರಬಹುದು. ಹೊರಗಿನ ಹೋಟೆಲಿಗೆ ಆ ದೇಶದ ವೀಸಾ ಬೇಕಾಗಬಹುದು ಎಂಬುದು ನೆನಪಿರಲಿ.

5. ಎರಡೂ ಬೋರ್ಡಿಂಗ್ ಪಾಸ್, ಲಗೇಜ್ ಚೀಟಿ ಎಸೆಯಬೇಡಿ. ಯುರೋಪಿಯನ್ ಒಕ್ಕೂಟದ ಊರಿನಿಂದ ಹೊರಟ ಯಾವುದೇ ಕಂಪನಿಯ ವಿಮಾನಕ್ಕೆ, ಅಲ್ಲಿಗೆ ಬರುವ ಅಲ್ಲಿನದೇ ಕಂಪನಿಯ ವಿಮಾನಕ್ಕೆ ಒಂದು ಕಾನೂನಿದೆ. ಒಂದೇ ಟಿಕೆಟ್ ಇದ್ದು, ಕಂಪನಿಯ ತಪ್ಪಿನಿಂದ ಕೊನೆಯ ಊರು ಮುಟ್ಟುವುದು ಮೂರು ಗಂಟೆಗಿಂತ ತಡವಾದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೊವರೆಗೆ ಪರಿಹಾರ ಕೇಳಬಹುದು. ಹವಾಮಾನದಂಥ ಕಾರಣಕ್ಕೆ ಸಿಗದು. ಬ್ರಿಟನ್ನಿನಲ್ಲೂ ಇಂಥದೇ ಕಾನೂನಿದೆ. ವಿಮೆ ಮಾಡಿಸಿದ್ದರೆ ಅದರಲ್ಲಿ ತಪ್ಪಿದ ಕನೆಕ್ಷನ್‌ಗೆ ಎಷ್ಟು ಗಂಟೆಯ ಷರತ್ತಿದೆ ಎಂದು ಓದಿ. ವಿಳಂಬ ಆಗಿದ್ದಕ್ಕೆ ಕಂಪನಿಯಿಂದ ಒಂದು ಪತ್ರ ಅಥವಾ ಇಮೇಲ್ ಪಡೆದುಕೊಳ್ಳಿ.

ಕೊನೆಗೆ, ಅಪ್ಪ ಅಮ್ಮನಿಗೆ ಟಿಕೆಟ್ ತೆಗೆಯುತ್ತಿರುವ ಮಕ್ಕಳಲ್ಲಿ ಒಂದು ಕೋರಿಕೆ. ಪರದೆಯ ಮೇಲೆ ದರದ ಪ್ರಕಾರ ಜೋಡಿಸಿದ ಪಟ್ಟಿಯಲ್ಲಿ ಮೊದಲು ಕಾಣುವುದನ್ನು ಒತ್ತುವ ಮೊದಲು ಮನೆಗೊಂದು ಫೋನ್ ಮಾಡಿ, ಅಮ್ಮನ ಮಂಡಿ ನೋವು ಈಗ ಹೇಗಿದೆ ಎಂದು ಕೇಳಿ.